ಹಳೇ ಮುಖ, ಹೊಸ ಇಂಜಿನ್, 65 ಲಕ್ಷ

"ಅಣ್ಣಾ, ಇದು ಹಳೇ ಗಾಡಿನೋ ಹೊಸ ಗಾಡಿನೋ?"

ದಾವಣಗೆರೆಗೆ ಬರುವಾಗ ಹೈವೇ ಪಕ್ಕದ ಬಂಕ್‌ನಲ್ಲಿ ಪೆಟ್ರೋಲ್ ಹಾಕುವ ಹುಡುಗ ಕೇಳಿದ ಪ್ರಶ್ನೆ ಇದು. ಗಾಡಿ ನನ್ನದಲ್ಲ, ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಕಾಮೆಂಟ್‌ನಲ್ಲಿ ಬಂದು ಸಾಲ ಕೇಳಬೇಡಿ. ಬೆಂಗಳೂರಿನಲ್ಲಿರುವ ಸ್ನೇಹಿತನದ್ದು. ಕೆಂಪು ಫೋರ್ಡ್ ಮಸ್ಟಾಂಗ್, 5 ಲೀಟರ್ ವಿ8, ಅಂದರೆ ಎಂಟು ಸಿಲಿಂಡರಿನ ಇಂಜಿನ್. ಊರಲ್ಲಿ ಮದುವೆ ಇತ್ತು, ಚಿತ್ರದುರ್ಗ ದಾಟಿದ ಮೇಲೆ ಸ್ಟೇರಿಂಗ್ ನನ್ನ ಕೈಗೆ ಕೊಟ್ಟ. ಆ ಹುಡುಗನಿಗೆ ಅಲ್ಲಿ ಏನು ಹೇಳಬೇಕೋ ಹೊಳೆಯಲಿಲ್ಲ. "ಹೊಸದೇ ಕಣೋ" ಅಂದೆ. ಅವನು ಹಿಂದೆ ಹೋಗಿ ಆ ಮೂರು ಮೂರು ಪಟ್ಟಿಯ ಟೇಲ್ ಲೈಟ್ ನೋಡಿ, ನಂಬದೆ ತಲೆ ಆಡಿಸಿದ.

ಹಳೇ ಮುಖ ಹೊತ್ತು ಹೊಸದಾಗಿ ಬಂದ ಈ ತರದ ಸ್ಪೋರ್ಟ್ಸ್ ಕಾರುಗಳು ಸುಮಾರಿವೆ. 2005ರ ಮಸ್ಟಾಂಗ್ ಬಂದಾಗ 60ರ ದಶಕದ ಮಸ್ಟಾಂಗ್‌ನ ಪಕ್ಕದಲ್ಲಿಟ್ಟುಕೊಂಡು ನೋಡಿ ಬರೆದ ಹಾಗಿತ್ತು. ಅದು ಚೆನ್ನಾಗಿ ಮಾರಾಟವಾಯ್ತು ಅಂತ 2008ಕ್ಕೆ ಡಾಡ್ಜ್ ಚಾಲೆಂಜರ್ ವಾಪಸ್ ಬಂತು, ಅದರ ಹಿಂದೆಯೇ ಷೆವರ್ಲೆ ಕಮಾರೊ. ಫ್ರಾನ್ಸ್‌ನವರು 2017ರಲ್ಲಿ ಆಲ್ಪೀನ್ ಎ110 ತಂದರು, ಜಪಾನಿನವರು ನಿಸಾನ್ ಝಡ್. ಪೋರ್ಷೆ 911 ಈ ಲೆಕ್ಕಕ್ಕೆ ಬರೋದಿಲ್ಲ, ಅದು ತನ್ನ ಹಳೇ ಮುಖ ಬಿಟ್ಟೇ ಇಲ್ಲ, ಊರು ಬಿಟ್ಟು ಹೋಗಿದ್ದರೆ ತಾನೇ ವಾಪಸ್ ಬರೋದು.

ಇವುಗಳ ಮೇಲೆ ಎಲ್ಲರೂ ಹೇಳುವ ದೂರು ಒಂದೇ. ಇದು ಬರೀ ವೇಷ ಗುರು, ಮೇಲೆ ಹಳೇ ಕಾರಿನ ಅಂಗಿ ತೊಡಿಸಿದ್ದಾರೆ, ಒಳಗೆ ಮಾಮೂಲಿ ಹೊಸ ಕಾರೇ ಇರೋದು, ಇದಕ್ಕೆ ಯಾಕೆ ಅಷ್ಟು ದುಡ್ಡು ಅಂತ. ನಾನೂ ವರ್ಷಗಟ್ಟಲೆ ಇದನ್ನೇ ಹೇಳಿಕೊಂಡು ಓಡಾಡಿದ್ದೇನೆ. ಆಮೇಲೆ ಆ ಹಳೇ ಮಸ್ಟಾಂಗ್ ಏನಾಗಿತ್ತು ಅಂತ ಓದಿದೆ ನೋಡಿ, ಬಾಯಿ ಮುಚ್ಚಿತು.

1964ರ ಏಪ್ರಿಲ್ 17ಕ್ಕೆ ನ್ಯೂಯಾರ್ಕಿನ ವರ್ಲ್ಡ್ ಫೇರ್‌ನಲ್ಲಿ ಅದನ್ನ ಬಿಡುಗಡೆ ಮಾಡಿದರು. ಬೆಲೆ 2,368 ಡಾಲರ್‌ನಿಂದ ಶುರು. ಮೊದಲ ವರ್ಷದಲ್ಲೇ 4 ಲಕ್ಷಕ್ಕೂ ಜಾಸ್ತಿ ಕಾರು ಹೋಯ್ತು. ಆದರೆ ಒಳಗೆ ಏನಿತ್ತು ಗೊತ್ತಾ? ಫೋರ್ಡ್ ಫಾಲ್ಕನ್ ಅನ್ನೋ ಸಾದಾ ಫ್ಯಾಮಿಲಿ ಕಾರಿನ ಸಾಮಾನು. ಬಾಗಿಲ ಹಿಂದೆ ಗಾಳಿ ಹೋಗೋಕೆ ಅಂತ ಒಂದು ಬಾಯಿ ಮಾಡಿದ್ದರಲ್ಲ, ಅದರಲ್ಲಿ ಗಾಳಿನೇ ಹೋಗುತ್ತಿರಲಿಲ್ಲ, ಸುಮ್ನೆ ಅಲಂಕಾರ. ಅಂದರೆ 1964ರದ್ದೂ ವೇಷವೇ! ಕಡಿಮೆ ದುಡ್ಡಿನ ಹುಡುಗರಿಗೆ ರೇಸ್ ಕಾರಿನ ಠೀವಿ ಕೊಡೋಕೆ ಅಂತಲೇ ಮಾಡಿದ ಗಾಡಿ ಅದು. 2005ರಲ್ಲಿ ಆ ಹಳೇ ಮುಖ ವಾಪಸ್ ಬಂದಾಗಲೂ ಆರು ಸಿಲಿಂಡರಿನ ವಿ6 ಮಾಡೆಲ್ 20 ಸಾವಿರ ಡಾಲರ್ ಒಳಗೇ ಸಿಗುತ್ತಿತ್ತು. ಹಾಗಾಗಿ ಮಸ್ಟಾಂಗ್‌ಗೆ "ನೀನು ವೇಷಗಾರ" ಅಂತ ಬೈಯೋದು, ಬಯಲಾಟದವನಿಗೆ ಬಣ್ಣ ಯಾಕೆ ಹಚ್ಚಿಕೊಂಡೆ ಅಂತ ಕೇಳಿದ ಹಾಗೆ.

ಫೋಕ್ಸ್‌ವ್ಯಾಗನ್ ಬೀಟಲ್ ಕಥೆ ಬೇರೆ. ಸ್ಪೋರ್ಟ್ಸ್ ಕಾರ್ ಅಲ್ಲ, ಆದರೂ ಹೇಳಲೇಬೇಕು. ಹಳೇ ಬೀಟಲ್‌ಗೆ ಇಂಜಿನ್ ಹಿಂದೆ, ತಂಪಾಗೋದು ಗಾಳಿಯಿಂದ, ರೇಡಿಯೇಟರ್ ಇಲ್ಲ, ನೀರಿನ ರಗಳೆ ಇಲ್ಲ. ಆ ದುಂಡು ಬೆನ್ನಿನ ಒಳಗೇ ಇಂಜಿನ್ ಕೂತಿರುತ್ತಿತ್ತು. 90ರ ದಶಕದ ಕೊನೆಗೆ ನ್ಯೂ ಬೀಟಲ್ ಬಂತು. ಬೆನ್ನು ಹಾಗೇ ದುಂಡಗಿದೆ, ಇಂಜಿನ್ ಮಾತ್ರ ಮುಂದೆ ಬಂದು ಕೂತಿದೆ, ಅದೂ ಅದೇ ಕಂಪನಿಯ ಗಾಲ್ಫ್ ಕಾರಿನದ್ದು. ಡ್ಯಾಶ್‌ಬೋರ್ಡ್ ಮೇಲೆ ಹೂವು ಇಡೋಕೆ ಒಂದು ಪುಟ್ಟ ಹೂದಾನಿ ಕೊಟ್ಟಿದ್ದರು. ಹೂದಾನಿ ಬಂತು, ಹಳೇ ಗಾಡಿಯ ಕೆಲಸ ಬರಲಿಲ್ಲ. ಇದಕ್ಕೆ ನಾನು ದುಡ್ಡು ಕೊಡೋದಿಲ್ಲ.

ಆಲ್ಪೀನ್ ಆದ್ರೆ ಕಣ್ಣು ಮುಚ್ಚಿಕೊಂಡು ಕೊಡ್ತೀನಿ, ನಮ್ಮ ದೇಶದಲ್ಲಿ ಮಾರಲ್ಲ ಅನ್ನೋದೊಂದೇ ತೊಂದರೆ. ಹಳೇ ಎ110 ಹಗುರ ಗಾಡಿ, 1973ರಲ್ಲಿ ಮೊಟ್ಟಮೊದಲ ವಿಶ್ವ ರ‍್ಯಾಲಿ ಚಾಂಪಿಯನ್‌ಷಿಪ್ ಗೆದ್ದಿದ್ದು. ಹೊಸದರ ಇಂಜಿನ್ ಜಾಗ ಬದಲಾಯ್ತು, ಹಿಂದಿನಿಂದ ಸ್ವಲ್ಪ ಮುಂದೆ ಬಂತು, ಆದರೆ ಅಲ್ಯೂಮಿನಿಯಂ ಬಾಡಿ ಹಾಕಿ ತೂಕವನ್ನ ಸುಮಾರು 1,100 ಕೆಜಿಯಲ್ಲೇ ನಿಲ್ಲಿಸಿದರು. ಹಗುರವಾಗಿ ತಿರುವಿನಲ್ಲಿ ಓಡೋದು ಆ ಗಾಡಿಯ ಕಸುಬು, ಇವತ್ತಿಗೂ ಅದೇ ಕಸುಬು ಮಾಡುತ್ತಿದೆ. ಮುಖ ಆಮೇಲಿನ ಮಾತು.

ನಮ್ಮ ಊರಿನವರಿಗೆ ಇದು ಯೆಜ್ಡಿ ಬೈಕ್ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತೆ. ನಮ್ಮ ಮಾವನ ಹತ್ತಿರ ರೋಡ್‌ಕಿಂಗ್ ಇತ್ತು, ಮೈಸೂರಲ್ಲಿ ತಯಾರಾಗಿದ್ದು. ಕಿಕ್ ಹೊಡೆಯುವ ಲಿವರೇ ಗೇರ್ ಲಿವರ್. ಒಳಗೆ ಒತ್ತಿ ಮೇಲೆತ್ತಿ ಕಿಕ್ ಹೊಡಿ, ಮತ್ತೆ ಕೆಳಗೆ ಹಾಕಿ ಗೇರ್ ಬದಲಾಯಿಸು. ಮೊದಲ ಸಲ ಓಡಿಸುವವನಿಗೆ ಮಾವ ಇದನ್ನ ಹೇಳುತ್ತಿರಲಿಲ್ಲ, ಬಲಗಡೆ ಕಿಕ್ಕರ್ ಹುಡುಕಲಿ ಅಂತ ಎಲೆ ಅಡಿಕೆ ಹಾಕಿಕೊಂಡು ನೋಡುತ್ತಾ ನಿಲ್ಲುತ್ತಿದ್ದ. ಮೈಸೂರಿನ ಫ್ಯಾಕ್ಟರಿ 1996ಕ್ಕೆ ಮುಚ್ಚಿತು. ಯೆಜ್ಡಿಗೂ ಮೊದಲು ಅದೇ ಫ್ಯಾಕ್ಟರಿಯಲ್ಲಿ ತಯಾರಾಗುತ್ತಿದ್ದ ಜಾವಾ 2018ರಲ್ಲಿ ಹೊಸದಾಗಿ ಬಂದಾಗ ಮಾವನ್ನ ಕರೆದುಕೊಂಡು ಹೋಗಿ ತೋರಿಸಿದೆ. ಟ್ಯಾಂಕ್ ಅದೇ, ಒಂದು ಸಿಲಿಂಡರಿಗೆ ಎರಡು ಸೈಲೆನ್ಸರ್ ಅದೇ. ಬಗ್ಗಿ ಇಂಜಿನ್ ನೋಡಿದ. "ನೀರಲ್ಲಿ ತಣ್ಣಗಾಗೋ ಇಂಜಿನ್ನಿಗೆ ಈ ರೆಕ್ಕೆ ಯಾಕೋ?" ಅಂದ. ರೆಕ್ಕೆ ಬೇಕಾಗೋದು ಗಾಳಿಯಲ್ಲಿ ತಣ್ಣಗಾಗೋ ಇಂಜಿನ್ನಿಗೆ. ಸೇಲ್ಸ್ ಹುಡುಗ ಇಎಂಐ ಲೆಕ್ಕ ಹೇಳೋಕೆ ಶುರು ಮಾಡಿದ.

ಆದರೂ ಒಂದು ಮಾತು ಇವುಗಳ ಪರವಾಗಿ. ಇವು ಬೇಗ ಹಳೇದಾಗಿ ಕಾಣೋದಿಲ್ಲ, ಯಾಕಂದ್ರೆ ಬಂದ ದಿನವೇ ಹಳೇದಾಗಿದ್ದವು! 2005ರ ಯಾವುದಾದರೂ ಸೆಡಾನ್ ನೋಡಿ, ಅಯ್ಯೋ ಪಾಪ ಅನಿಸುತ್ತೆ. ಅದೇ ವರ್ಷದ ಮಸ್ಟಾಂಗ್ ನಿಲ್ಲಿಸಿ, ಯಾವ ವರ್ಷದ್ದು ಅಂತ ಹೇಳೋಕೆ ಆಗಲ್ಲ. ಚಾಲೆಂಜರ್ 2008ರಿಂದ 2023ರವರೆಗೆ ಹೆಚ್ಚೂ ಕಡಿಮೆ ಅದೇ ಬಾಡಿಯಲ್ಲಿ ಓಡಿತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಕಷ್ಟ ಇರೋದು ಕಂಪನಿಗೆ. ಹಳೇ ಫೋಟೋ ನೋಡಿ ಒಂದು ಕಾರು ಮಾಡಿದೆ ಸರಿ, ಅದರ ಮುಂದಿನ ಕಾರು ಯಾವ ಫೋಟೋ ನೋಡಿ ಮಾಡ್ತೀಯ? ಬೀಟಲ್ 2019ಕ್ಕೆ ನಿಂತೇ ಹೋಯ್ತು.

ಇನ್ನು ಹಳೇ ಅಸಲಿ ಗಾಡಿನೇ ತಗೊಳ್ಳಿ ಅನ್ನುವವರಿಗೆ ನನ್ನದೊಂದು ನಮಸ್ಕಾರ. ಕಾರ್ಬ್ಯುರೇಟರ್ ಬಿಚ್ಚುವ ಮೇಸ್ತ್ರಿಗಳು ಈಗ ಊರಲ್ಲಿ ಎಷ್ಟು ಜನ ಉಳಿದಿದ್ದಾರೆ? ಸ್ನೇಹಿತನ ಗಾಡಿಗೆ ಎಸಿ ಇದೆ, ಏರ್‌ಬ್ಯಾಗ್ ಇದೆ, ಬಟನ್ ಒತ್ತಿದರೆ ಎದ್ದು ಕೂರುತ್ತೆ. ದುರ್ಗ ಬಿಟ್ಟ ಮೇಲೆ ಗುಡ್ಡದ ಮೇಲೆ ಗಾಳಿ ಯಂತ್ರಗಳು ಸಾಲಾಗಿ ತಿರುಗುತ್ತಿದ್ದವು, ಎದುರಿಗೆ ಉದ್ದನೆ ಬಾನೆಟ್, ಸ್ಪೀಡೋಮೀಟರ್ ಮೇಲೆ "ಗ್ರೌಂಡ್ ಸ್ಪೀಡ್" ಅಂತ ಬರೆದಿದ್ದಾರೆ. ನೆಲದ ಮೇಲಲ್ಲದೆ ಇನ್ನೆಲ್ಲಿ ಓಡುತ್ತಪ್ಪಾ! ನಗು ಬಂತು, ಹಾಗೇ ಕಾಲು ಕೆಳಗೂ ಹೋಯ್ತು. ಆ ಹತ್ತು ನಿಮಿಷಕ್ಕೆ ನನ್ನ ಹತ್ತಿರ ಯಾವ ವಾದವೂ ಇಲ್ಲ.

ಊರೊಳಗೆ ಬಂದ ಮೇಲೆ ಮಜಾ ಇಳಿಯಿತು. 1.9 ಮೀಟರ್ ಅಗಲದ ಗಾಡಿ, ಇಕ್ಕಟ್ಟಿನ ಚೌಕಿಪೇಟೆ ಕಡೆ ತಿರುಗಿಸೋ ಮಾತೇ ಇಲ್ಲ. ಒಂದು ಹಂಪ್ ಬಂದರೆ ಓರೆಯಾಗಿ ಹತ್ತಿಸಬೇಕು, ಹಿಂದಿನ ಆಟೋದವನು ಹಾರ್ನ್ ಹೊಡೆಯುತ್ತಾನೆ, ಪಕ್ಕದಲ್ಲಿ ಸ್ನೇಹಿತ ಉಸಿರು ಬಿಗಿ ಹಿಡಿದು ಕೂತಿರುತ್ತಾನೆ. ಅಷ್ಟಾದರೂ ಕರ್ ಅಂತ ಒಂದು ಸಲ ಕೆರೆಯಿತು. ಊರೊಳಗೆ ಲೀಟರಿಗೆ 5 ಕಿ.ಮೀ. ಬಂದರೆ ಪುಣ್ಯ ಅಂತಾನೆ ಸ್ನೇಹಿತ. 2016ರಲ್ಲಿ ಇಲ್ಲಿಗೆ ಬಂದಾಗ ಇದರ ಶೋರೂಂ ಬೆಲೆಯೇ 65 ಲಕ್ಷ. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಕಾರಿಗೆ ರೋಡ್ ಟ್ಯಾಕ್ಸ್ ನೂರಕ್ಕೆ 18, ಅಂದರೆ ಅದೇ 11 ಲಕ್ಷ 70 ಸಾವಿರ, ಸೆಸ್ ಬೇರೆ. ಅಮೆರಿಕದಲ್ಲಿ ಹುಡುಗರಿಗೆ ಅಂತ ಮಾಡಿದ ಗಾಡಿ ಇಲ್ಲಿ ಸಾಹುಕಾರರಿಗಷ್ಟೇ ಸಿಗೋ ಹಾಗಾಯ್ತು. ವೇಷ ಅಂತ ನಾನು ಬೈಯಲ್ಲ, ಆದರೆ ಅಗ್ಗದ ವೇಷ ಆಗಿರೋದೇ ಅದರ ಗಮ್ಮತ್ತು, ಅದು ಇಲ್ಲಿಗೆ ಬರೋ ಹಡಗಿನಲ್ಲೇ ಕಳೆದುಹೋಗಿದೆ. ಹಾಗಾಗಿ ದುಡ್ಡಿದ್ದರೂ ಈ ಊರಲ್ಲಿ ನಾನು ಮಸ್ಟಾಂಗ್ ತಗೊಳ್ಳಲ್ಲ. ಸ್ನೇಹಿತ ಮತ್ತೆ ಕೀ ಕೊಟ್ಟರೆ ಬೇಡ ಅನ್ನೋದೂ ಇಲ್ಲ.

ಮದುವೆ ಮುಗಿಸಿ ಮಾವನ ಮನೆ ಮುಂದೆ ನಿಲ್ಲಿಸಿದೆವು. ಮಾವ ಬಂದು ಕೂತ. ಎಡಗಡೆ ಡ್ಯಾಶ್‌ಬೋರ್ಡ್ ಮೇಲೆ ಕುದುರೆ ಚಿತ್ರ, 1964ರಿಂದ ಅಂತ ಬರೆದಿರೋ ತಗಡಿನ ಪಟ್ಟಿ, ಅದನ್ನ ಬೆರಳಲ್ಲಿ ಸವರಿದ. ಇಂಜಿನ್ ಸ್ಟಾರ್ಟ್ ಮಾಡಿದಾಗ ಒಂದು ನಿಮಿಷ ಸುಮ್ಮನೆ ಕೇಳಿದ.

"ಶಬ್ದ ಚೆನ್ನಾಗೈತಿ" ಅಂದ. "ಎಣ್ಣೆ ವಾಸನೆನೇ ಇಲ್ವಲ್ಲೋ."

ಆಮೇಲೆ ಇಳಿಯೋಕೆ ಹೋದ, ಸೀಟು ನೆಲದ ಮಟ್ಟಕ್ಕಿದೆ, ಮಂಡಿ ಏಳಲಿಲ್ಲ. ನಾನು ಒಂದು ಕೈ, ಸ್ನೇಹಿತ ಇನ್ನೊಂದು ಕೈ ಹಿಡಿದು ಎಳೆದೆವು.