ಮನೆಮಾತೇ ಇಂಗ್ಲಿಷ್ ಆದವರಿಗೂ ಇಂಗ್ಲಿಷ್ ಪರೀಕ್ಷೆ

ಕೇಳುಗರಿಗೆ ನಮಸ್ಕಾರ.

ಹೊರದೇಶಕ್ಕೆ ಹೋಗುವವರನ್ನು ಇಂಗ್ಲಿಷ್ ಪರೀಕ್ಷೆಗೆ ತಯಾರು ಮಾಡುವುದು ನನ್ನ ಕೆಲಸ. ಬೆಂಗಳೂರಿನಲ್ಲಿ ಮಹಡಿ ಮೇಲಿನ ಒಂದು ಕೋಣೆ, ಹತ್ತು ಕುರ್ಚಿ, ಒಂದು ಬೋರ್ಡು. ಬರುವವರು ಬಹುಪಾಲು ಹಾಸನ, ದಾವಣಗೆರೆ, ಕಲಬುರಗಿ ಕಡೆಯ ಇಂಜಿನಿಯರುಗಳು, ನರ್ಸುಗಳು. ಒಂದು ಸಂಜೆ ಒಬ್ಬ ಹುಡುಗಿ ಬಂದು ಬಾಗಿಲಲ್ಲಿ ನಿಂತು ಒಳಗೆ ಬರಲೇ ಎಂದು ಕೇಳಿದಳು. ಅಷ್ಟೇ ಮಾತಿಗೆ ಇಡೀ ತರಗತಿ ತಿರುಗಿ ನೋಡಿತು. ನಾವೆಲ್ಲ ಕಲಿತು ಆಡುವ ಇಂಗ್ಲಿಷ್ ಅದಲ್ಲ, ಹುಟ್ಟಿನಿಂದ ಬಂದದ್ದು. ಅವಳು ಆಂಗ್ಲೋ ಇಂಡಿಯನ್. ತಾತ ಕೋಲಾರದ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದವರು. ಮನೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಶಾಲೆಯಲ್ಲಿ ಕನ್ನಡ, ಹೀಗೆ ಬೆಳೆದವಳು. ಎಂ.ಕಾಂ. ಮುಗಿಸಿ ಏಳು ವರ್ಷದಿಂದ ಲೆಕ್ಕಪತ್ರದ ಕೆಲಸದಲ್ಲಿದ್ದಳು. ಕೆನಡಾದ ಪಿಆರ್‌ಗೆ, ಅಂದರೆ ಅಲ್ಲೇ ಕಾಯಂ ನೆಲೆಸುವ ಅನುಮತಿಗೆ, ಅರ್ಜಿ ಹಾಕಬೇಕು ಅಂತ ಐಯೆಲ್ಟ್ಸ್ ಎಂಬ ಇಂಗ್ಲಿಷ್ ಪರೀಕ್ಷೆ ಬರೆದಿದ್ದಳು.

ಫಲಿತಾಂಶದ ಹಾಳೆಯನ್ನು ಮೇಜಿನ ಮೇಲಿಟ್ಟಳು. ಒಂಬತ್ತಕ್ಕೆ ಇಷ್ಟು ಎಂದು ಕೊಡುವ ಬ್ಯಾಂಡ್ ಅಂಕಗಳು. ಸ್ಪೀಕಿಂಗ್ 9, ಲಿಸನಿಂಗ್ 8.5, ರೀಡಿಂಗ್ 8. ರೈಟಿಂಗ್ ಮಾತ್ರ 6.5.

"ಮಿಸ್, ನಮ್ಮ ಗ್ರ್ಯಾನ್‌ಪಾ ಸಾಯೋ ಹೊತ್ತಿಗೆ ನೀರು ಕೇಳಿದ್ದೂ ಇಂಗ್ಲಿಷಲ್ಲೇ. ನಂಗೆ ಇಂಗ್ಲಿಷ್ ಬರಲ್ಲ ಅಂತ ಈ ಕಾಗದ ಹೇಳ್ತಿದೆ," ಅಂದಳು. ಅವಳ ಗಂಟಲು ಕಟ್ಟಿತ್ತು.

ಈ ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ ಎನ್ನುವುದನ್ನು ಇವತ್ತು ನಿಮ್ಮ ಮುಂದೆ ಬಿಡಿಸಿ ಇಡಬೇಕೆಂದಿದ್ದೇನೆ. ನಮ್ಮ ಮನೆಗಳಲ್ಲೂ ಇಂಥ ಹಾಳೆ ಹಿಡಿದು ತಲೆತಗ್ಗಿಸಿ ಕೂತ ಮಕ್ಕಳಿದ್ದಾರೆ. ಅವರಿಗೂ ಇದು ಕೇಳಿಸಲಿ.

ಮೊದಲು ಕೆನಡಾದ ಕಾನೂನು. ನುರಿತ ಕೆಲಸಗಾರರಾಗಿ ಅಲ್ಲಿ ನೆಲೆಸಲು ಅರ್ಜಿ ಹಾಕುವವರು ಯಾರೇ ಆಗಲಿ, ಲಂಡನ್ನಿನಲ್ಲಿ ಹುಟ್ಟಿದವರಾಗಲಿ, ನ್ಯೂಯಾರ್ಕಿನವರಾಗಲಿ, ಭಾಷಾ ಪರೀಕ್ಷೆಯ ಫಲಿತಾಂಶ ಕೊಡಲೇಬೇಕು. ಹಿಂದೆ ಹೀಗಿರಲಿಲ್ಲ. ಇಂಗ್ಲಿಷ್ ನನ್ನ ಮನೆಮಾತು, ಇಂಗ್ಲಿಷಿನಲ್ಲೇ ಓದಿದ್ದೇನೆ ಎಂದು ವಿವರವಾಗಿ ಬರೆದು ದಾಖಲೆ ಲಗತ್ತಿಸಿದರೆ ಅಧಿಕಾರಿ ಅದನ್ನು ಪರಿಶೀಲಿಸಲು ಅವಕಾಶವಿತ್ತು. 2010ರ ಜೂನ್‌ನಿಂದ ಆ ದಾರಿ ಮುಚ್ಚಿತು. 2015ರ ಜನವರಿಯಲ್ಲಿ, ಅರ್ಜಿದಾರರಿಗೆ ಅಂಕ ಹಾಕಿ ಹೆಚ್ಚು ಅಂಕದವರನ್ನು ಮೊದಲು ಕರೆಯುವ ಎಕ್ಸ್‌ಪ್ರೆಸ್ ಎಂಟ್ರಿ ಪದ್ಧತಿ ಬಂದ ಮೇಲಂತೂ ಭಾಷೆಯ ಅಂಕವೇ ಅರ್ಜಿಯ ಬೆನ್ನೆಲುಬು. ಫಲಿತಾಂಶ ಎರಡು ವರ್ಷಕ್ಕೆ ಹಳತಾಗುತ್ತದೆ. ಆಮೇಲೆ ಮತ್ತೆ ಪರೀಕ್ಷೆ, ಮತ್ತೆ ಶುಲ್ಕ. ನಮ್ಮಲ್ಲಿ ಈಗ ಒಂದು ಸಲ ಬರೆಯಲು ಸುಮಾರು 18 ಸಾವಿರ ರೂಪಾಯಿ ಬೇಕು.

ಇನ್ನು ಆ ಹುಡುಗಿಯ ಲೆಕ್ಕ ನೋಡೋಣ. ಮದುವೆಯಾಗದ ಅರ್ಜಿದಾರರಿಗೆ ಮೊದಲ ಭಾಷೆಗೆ, ಅಂದರೆ ಇಲ್ಲಿ ಇಂಗ್ಲಿಷಿಗೆ, ಹೆಚ್ಚೆಂದರೆ 136 ಅಂಕ. ಕೆನಡಾದವರು ಐಯೆಲ್ಟ್ಸ್ ಬ್ಯಾಂಡುಗಳನ್ನು ತಮ್ಮದೇ ಹಂತಗಳಿಗೆ ಹೊಂದಿಸಿಕೊಳ್ಳುತ್ತಾರೆ. ರೈಟಿಂಗ್‌ನಲ್ಲಿ 7 ಬಂದರೆ ಒಂಬತ್ತನೇ ಹಂತ, 6.5 ಬಂದರೆ ಎಂಟನೇ ಹಂತ. ಒಂಬತ್ತನೇ ಹಂತಕ್ಕೆ 31 ಅಂಕ, ಎಂಟಕ್ಕೆ 23. ಹೋದದ್ದು ಎಂಟೇ ಅಂಕ ಅನ್ನಿಸಬಹುದು. ಆದರೆ ನಾಲ್ಕೂ ವಿಭಾಗದಲ್ಲಿ ಒಂಬತ್ತನೇ ಹಂತ ಮುಟ್ಟಿದವರಿಗೆ ಮಾತ್ರ ಓದಿಗೂ ಅನುಭವಕ್ಕೂ ಸೇರಿಸಿ ಕೊಡುವ ಹೆಚ್ಚುವರಿ ಅಂಕ ಪೂರ್ತಿ ಸಿಗುತ್ತದೆ. ಒಂದು ವಿಭಾಗ ಕೆಳಗಿಳಿದರೂ ಅದು ಅರ್ಧವಾಗುತ್ತದೆ. ಸ್ನಾತಕೋತ್ತರ ಪದವಿ, ಮೂರು ವರ್ಷಕ್ಕೆ ಮೇಲ್ಪಟ್ಟ ಅನುಭವ ಎರಡೂ ಇದ್ದ ಅವಳಿಗೆ ಅಲ್ಲಿ 100ರ ಬದಲು 50. ಅರ್ಧ ಬ್ಯಾಂಡ್ ಕಡಿಮೆಯಾದದ್ದಕ್ಕೆ ಒಟ್ಟು 58 ಅಂಕ ಹೋಯಿತು. ಒಂದೆರಡು ಅಂಕಕ್ಕೆ ಜನ ತಿಂಗಳುಗಟ್ಟಲೆ ಕಾಯುವ ಸಾಲಿನಲ್ಲಿ 58 ಅಂಕ ಎಂದರೆ ಬಾಗಿಲು ಹಾಕಿದ ಹಾಗೆ.

ಹಾಗಾದರೆ ಅವಳು ಬರೆದದ್ದೇನು? ನೆನಪಿನಿಂದ ಮತ್ತೆ ಬರೆದುಕೊಡು ಅಂದೆ. ವಲಸೆ ಹೋಗುವವರು ಬರೆಯುವ ಐಯೆಲ್ಟ್ಸ್‌ಗೆ ಜನರಲ್ ಟ್ರೈನಿಂಗ್ ಎಂದು ಹೆಸರು. ಆ ಪರೀಕ್ಷೆಯ ರೈಟಿಂಗ್‌ನಲ್ಲಿ ಒಂದು ಗಂಟೆಗೆ ಎರಡು ಪ್ರಶ್ನೆ. ಮೊದಲನೆಯದು ಪತ್ರ, ಕನಿಷ್ಠ 150 ಪದ. ಎರಡನೆಯದು ಪ್ರಬಂಧ, ಕನಿಷ್ಠ 250 ಪದ. ಬಾಡಿಗೆ ಮನೆಯ ಮಾಲೀಕರಿಗೆ ಪತ್ರ ಬರೆಯಬೇಕಿತ್ತು. ತೊಂದರೆ ಏನು, ಅದರಿಂದ ಏನಾಗುತ್ತಿದೆ, ಅವರು ಏನು ಮಾಡಬೇಕು, ಈ ಮೂರು ಅಂಶ ಪ್ರಶ್ನೆಯಲ್ಲೇ ಕೊಟ್ಟಿರುತ್ತಾರೆ. ಅವಳು ಸೋರುವ ಸೂರಿನ ಬಗ್ಗೆ ಬರೆದಿದ್ದಳು. ಮಳೆ ನೀರು ಅಮ್ಮನ ಹೊಲಿಗೆ ಯಂತ್ರದ ಮೇಲೆ ಹನಿಯುವುದನ್ನು ಎಷ್ಟು ಚೆನ್ನಾಗಿ ಬರೆದಿದ್ದಳೆಂದರೆ ಓದುತ್ತ ನನಗೆ ಆ ಹನಿಯ ಸದ್ದು ಕೇಳಿಸಿತು. ಆದರೆ ಮಾಲೀಕರು ಏನು ಮಾಡಬೇಕು ಎನ್ನುವುದನ್ನು ಬರೆದೇ ಇರಲಿಲ್ಲ. ಎಣಿಸಿದೆ, 128 ಪದ. ಪ್ರಬಂಧದಲ್ಲಿ ಎರಡೂ ಪಕ್ಷದ ವಾದ ಹೇಳಿ, ಆಮೇಲೆ ನಿಮ್ಮ ಅಭಿಪ್ರಾಯ ಕೊಡಿ ಎಂದಿತ್ತು. ಅವಳು ಮೊದಲ ಸಾಲಿನಿಂದ ಕೊನೆಯವರೆಗೂ ತನ್ನ ಅಭಿಪ್ರಾಯವನ್ನೇ ಹೇಳಿದ್ದಳು.

ಪರೀಕ್ಷಕರು ಭಾಷೆಯ ಸೊಗಸನ್ನು ಒಟ್ಟಾಗಿ ನೋಡಿ ಅಂಕ ಹಾಕುವುದಿಲ್ಲ. ಕೇಳಿದ್ದಕ್ಕೆಲ್ಲ ಉತ್ತರಿಸಿದ್ದಾರೆಯೇ, ವಿಚಾರ ಒಂದಕ್ಕೊಂದು ಕೂಡಿ ಬಂದಿದೆಯೇ, ಪದಸಂಪತ್ತು ಹೇಗಿದೆ, ವ್ಯಾಕರಣ ಹೇಗಿದೆ ಎಂದು ನಾಲ್ಕು ಬಗೆಯಾಗಿ ಅಳೆಯುತ್ತಾರೆ. ನಾಲ್ಕಕ್ಕೂ ಸಮಪಾಲು. ಪದಸಂಪತ್ತು, ವ್ಯಾಕರಣಗಳಲ್ಲಿ ಅವಳಿಗೆ ಸಾಟಿ ಇರಲಿಲ್ಲ. ಮೊದಲ ಎರಡರಲ್ಲಿ ಜಾರಿದ್ದಳು. ನನ್ನ ತರಗತಿಯಲ್ಲಿ ಅದೇ ತಿಂಗಳು ಹಿರಿಯೂರಿನ ಕಡೆಯ ಒಬ್ಬ ಹುಡುಗ ರೈಟಿಂಗ್‌ನಲ್ಲಿ 7 ತೆಗೆದಿದ್ದ. ಹತ್ತನೇ ತರಗತಿಯವರೆಗೆ ಕನ್ನಡ ಮಾಧ್ಯಮ. ಅವನ ವಾಕ್ಯಗಳಲ್ಲಿ ಬೆಡಗಿರಲಿಲ್ಲ, ಆದರೆ ಕೇಳಿದ ಮೂರಕ್ಕೂ ಮೂರು ಪ್ಯಾರಾ ಬರೆದು, ಪದ ಎಣಿಸಿ, ಎರಡು ನಿಮಿಷ ಉಳಿಸಿಕೊಂಡು ತಿದ್ದಿದ್ದ. ಅವನ ಇಂಗ್ಲಿಷ್ ಅವಳ ಇಂಗ್ಲಿಷಿಗಿಂತ ಮೇಲು ಎಂದು ಅವನೂ ಹೇಳುವುದಿಲ್ಲ.

ಲಿಸನಿಂಗ್ ವಿಭಾಗದಲ್ಲೂ ಇದೇ ಕಥೆ. 40 ಪ್ರಶ್ನೆ, ಧ್ವನಿ ಒಂದೇ ಸಲ ಕೇಳಿಸುತ್ತದೆ. ಎರಡು ಪದ ಮೀರದಂತೆ ಉತ್ತರಿಸಿ ಅಂದಿರುವಲ್ಲಿ ಮೂರು ಪದ ಬರೆದರೆ ಉತ್ತರ ತಪ್ಪು. ಕಾಗುಣಿತ ತಪ್ಪಿದರೂ ತಪ್ಪು. ತಾಯ್ನುಡಿಯವರು ಇಲ್ಲಿ ಮೈಮರೆಯುತ್ತಾರೆ. ಅರ್ಥವಾಯಿತಲ್ಲ ಎಂದು ಕಿವಿ ಹಗುರ ಮಾಡಿಕೊಳ್ಳುತ್ತಾರೆ, ಅಷ್ಟರಲ್ಲಿ ಮುಂದಿನ ಉತ್ತರ ದಾಟಿ ಹೋಗಿರುತ್ತದೆ. ಐಯೆಲ್ಟ್ಸ್ ನಡೆಸುವವರು ಮಾತೃಭಾಷೆವಾರು ಸರಾಸರಿ ಅಂಕ ಪ್ರಕಟಿಸುತ್ತಾರೆ. ಇಂಗ್ಲಿಷೇ ನಮ್ಮ ಮಾತೃಭಾಷೆ ಎಂದು ಬರೆದವರ ಸರಾಸರಿಗಿಂತ ಜರ್ಮನ್ ಮಾತೃಭಾಷೆಯವರ ಸರಾಸರಿ ಮೇಲಿದ್ದ ವರ್ಷಗಳಿವೆ.

ಆಸ್ಟ್ರೇಲಿಯದ ದಾರಿ ಬೇರೆ. ಬ್ರಿಟನ್, ಅಮೆರಿಕ, ಕೆನಡಾ, ನ್ಯೂಜಿಲೆಂಡ್, ಐರ್ಲೆಂಡ್ ಈ ಐದು ದೇಶಗಳ ಪಾಸ್‌ಪೋರ್ಟ್ ಇದ್ದರೆ ಸಾಕಷ್ಟು ಇಂಗ್ಲಿಷ್ ಬರುತ್ತದೆ ಎಂದು ಪರೀಕ್ಷೆ ಇಲ್ಲದೆಯೇ ಒಪ್ಪುತ್ತಾರೆ. ಆದರೆ ಹಾಗೆ ಒಪ್ಪಿದ್ದಕ್ಕೆ ಅಂಕ ಸೊನ್ನೆ. ಅರ್ಜಿ ಗೆಲ್ಲಲು ಬೇಕಾದ 10 ಅಥವಾ 20 ಅಂಕ ಬೇಕಿದ್ದರೆ ಅವರೂ ಪರೀಕ್ಷೆಗೆ ಕೂರಬೇಕು. ಹಾಗೆ ಕೂತವರಲ್ಲಿ 2017ರಲ್ಲಿ ಐರ್ಲೆಂಡಿನ ಒಬ್ಬ ಪಶುವೈದ್ಯೆಯ ಸಂಗತಿ ಪತ್ರಿಕೆಗಳಲ್ಲಿ ಬಂತು. ಇಂಗ್ಲಿಷಿನಲ್ಲೇ ಹುಟ್ಟಿ ಬೆಳೆದು, ಎರಡು ಪದವಿ ಪಡೆದ ಹೆಣ್ಣುಮಗಳು. ಮಾತನ್ನು ಕಂಪ್ಯೂಟರ್ ಅಳೆಯುವ ಪರೀಕ್ಷೆ. ನಿರರ್ಗಳವಾಗಿ ಮಾತಾಡುವ ವಿಭಾಗದಲ್ಲಿ ಆಕೆಗೆ ಬಂದದ್ದು 74, ಬೇಕಿದ್ದದ್ದು 79. ಪರೀಕ್ಷೆ ನಡೆಸಿದವರು ಯಂತ್ರದಲ್ಲಿ ದೋಷವಿಲ್ಲ, ಸರ್ಕಾರ ಗೆರೆಯನ್ನೇ ಎತ್ತರದಲ್ಲಿ ಎಳೆದಿದೆ ಎಂದರು. ಆಕೆ ಗಂಡನ ಮೂಲಕ ಬೇರೆ ವೀಸಾದ ಕಡೆ ತಿರುಗಬೇಕಾಯಿತು.

ಇಂಥ ಸುದ್ದಿ ಓದಿದಾಗ ನಮ್ಮವರಲ್ಲಿ ಕೆಲವರು, ಅವರಿಗೂ ಆಗಲಿ ಬಿಡಿ, ನಮಗೆ ಆದದ್ದು ಗೊತ್ತಾಗಲಿ ಅನ್ನುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ನಾನು ಹಾಗೆ ಅನ್ನಲಾರೆ. ಅದೇ ಯಂತ್ರದ ಮುಂದೆ ನಮ್ಮ ನರ್ಸುಗಳೂ ಕೂತು ಮಾತಾಡುತ್ತಾರೆ.

ಆಸ್ಟ್ರೇಲಿಯದಲ್ಲಿ ಇದಕ್ಕೆ ಹಳೆಯದೊಂದು ಚರಿತ್ರೆ ಇದೆ. 1901ರ ವಲಸೆ ನಿರ್ಬಂಧ ಕಾಯಿದೆಯ ಪ್ರಕಾರ ಬಂದರಿನ ಅಧಿಕಾರಿ ಯಾವುದೇ ಯುರೋಪಿಯನ್ ಭಾಷೆಯಲ್ಲಿ 50 ಪದ ಹೇಳಿ ಬರೆಸಬಹುದಿತ್ತು. ಭಾಷೆ ಯಾವುದೆಂದು ಆರಿಸುವವನು ಅಧಿಕಾರಿ. ಏಷ್ಯಾದ ಜನರನ್ನು ಹೊರಗಿಡಲು ಮಾಡಿದ ಉಪಾಯ ಅದು. 1909ರ ನಂತರ ಒಬ್ಬರೂ ಅದರಲ್ಲಿ ತೇರ್ಗಡೆಯಾಗಲಿಲ್ಲ. 1934ರಲ್ಲಿ ಪ್ರಾಗ್‌ನ ಪತ್ರಕರ್ತ ಎಗಾನ್ ಕಿಶ್ ಯುದ್ಧವಿರೋಧಿ ಸಭೆಯಲ್ಲಿ ಮಾತಾಡಲು ಬಂದ. ಇಳಿಯಲು ಬಿಡಲಿಲ್ಲ. ಮೆಲ್ಬರ್ನಿನಲ್ಲಿ ಹಡಗಿನಿಂದ ಜಿಗಿದು ಕಾಲು ಮುರಿದುಕೊಂಡ. ಅವನಿಗೆ ಹಲವು ಭಾಷೆ ಗೊತ್ತಿದ್ದವು. ಆದ್ದರಿಂದ ಸಿಡ್ನಿಯಲ್ಲಿ, ಸ್ಕಾಟ್ಲೆಂಡಿನಲ್ಲೇ ಕೆಲವರಷ್ಟೇ ಆಡುವ ಸ್ಕಾಟಿಷ್ ಗೇಲಿಕ್‌ನಲ್ಲಿ ಬರೆ ಎಂದರು. ಮೊಕದ್ದಮೆ ಆಸ್ಟ್ರೇಲಿಯದ ಹೈಕೋರ್ಟಿಗೆ ಹೋಯಿತು. ಆ ಕಾಯಿದೆಯ ಅರ್ಥದಲ್ಲಿ ಸ್ಕಾಟಿಷ್ ಗೇಲಿಕ್ ಯುರೋಪಿಯನ್ ಭಾಷೆಯೇ ಅಲ್ಲ ಎಂದು ಕೋರ್ಟು ಹೇಳಿ ಕಿಶ್‌ನನ್ನು ಬಿಡಿಸಿತು. ಆ ಪರೀಕ್ಷೆ ಪೂರ್ತಿ ರದ್ದಾದದ್ದು 1958ರ ಕಾಯಿದೆಯಿಂದ.

ಇವತ್ತಿನ ಪರೀಕ್ಷೆ ಅದಲ್ಲ. ಪ್ರಶ್ನೆಗಳ ಮಾದರಿ ಮೊದಲೇ ಗೊತ್ತು, ಭಾಷೆ ಗೊತ್ತು, ಅಳತೆ ಎಲ್ಲರಿಗೂ ಒಂದೇ. ಅದಕ್ಕೇ ನಾನು ಕೆನಡಾದ ನಿಯಮದ ಪಕ್ಷ. ಲಂಡನ್ನಿನವನಿಗೆ ಅದು ಅವಮಾನ ಅನ್ನಿಸಿದರೂ, ಎಲ್ಲರನ್ನೂ ಒಂದೇ ಬೆಂಚಿನ ಮೇಲೆ ಕೂರಿಸುವುದು ನ್ಯಾಯ. ಇಲ್ಲದಿದ್ದರೆ ತಾಯ್ನುಡಿ ಯಾರದು ಎಂದು ತೀರ್ಮಾನಿಸುವವರು ಯಾರು? ಬ್ರಿಟನ್ನಿನ ಪಟ್ಟಿ ನೋಡಿ. ನುರಿತ ಕೆಲಸಗಾರರ ವೀಸಾಕ್ಕೆ ಇಂಗ್ಲಿಷ್ ಪರೀಕ್ಷೆಯಿಂದ ವಿನಾಯಿತಿ ಪಡೆದ ದೇಶಗಳಲ್ಲಿ ಮಾಲ್ಟಾ ಇದೆ. ಅಲ್ಲಿಯ ಬಹುಪಾಲು ಜನರ ಮನೆಮಾತು ಮಾಲ್ಟೀಸ್. ನೈಜೀರಿಯಾ ಇಲ್ಲ, ಭಾರತ ಇಲ್ಲ. ಇಂಗ್ಲಿಷಿನಲ್ಲೇ ಪದವಿ ಓದಿದ್ದೇವೆ ಎಂದು ಬೇರೆ ದಾಖಲೆ ಒದಗಿಸುವ ದಾರಿ ನಮಗಿದೆ, ಆದರೆ ಅದಕ್ಕೂ ಹಣ ಕಟ್ಟಿ ದೃಢೀಕರಿಸಿಕೊಳ್ಳಬೇಕು.

2011ರ ಜನಗಣತಿಯಲ್ಲಿ ಇಂಗ್ಲಿಷ್ ನಮ್ಮ ಮಾತೃಭಾಷೆ ಎಂದು ಬರೆಸಿದ ಭಾರತೀಯರು ಸುಮಾರು 2 ಲಕ್ಷ 60 ಸಾವಿರ. ಆಂಗ್ಲೋ ಇಂಡಿಯನ್ನರ ಭಾಷೆ ಇಂಗ್ಲಿಷ್ ಎಂದು ನಮ್ಮ ಸುಪ್ರೀಂ ಕೋರ್ಟು 1954ರಲ್ಲೇ ಒಪ್ಪಿದೆ. ನಮ್ಮ ವೈಟ್‌ಫೀಲ್ಡ್ ಹುಟ್ಟಿದ್ದೇ 1882ರಲ್ಲಿ ಆ ಸಮುದಾಯದ ನೆಲೆಯಾಗಿ. ಕೆಜಿಎಫ್‌ನಿಂದ, ಬೆಂಗಳೂರಿನ ದಂಡು ಪ್ರದೇಶದಿಂದ ಎಷ್ಟೋ ಕುಟುಂಬಗಳು ಆಸ್ಟ್ರೇಲಿಯ, ಕೆನಡಾ ಸೇರಿವೆ. ಇಂಥ ಮನೆಯ ಹುಡುಗಿಯ ನಾಲಿಗೆಯಲ್ಲಿರುವುದು ಕಾಣದೆ, ಕೈಯಲ್ಲಿರುವ ಪಾಸ್‌ಪೋರ್ಟಿನ ಬಣ್ಣ ನೋಡಿ ಭಾಷೆ ಅಳೆಯುವ ಪಟ್ಟಿ ನನಗೆ ಒಪ್ಪಿಗೆಯಿಲ್ಲ.

ನನ್ನ ತಕರಾರು ಇರುವುದು ಎರಡು ಕಡೆ. ಒಂದು, ಎರಡು ವರ್ಷದ ಅವಧಿ. ಕಲಿತ ಭಾಷೆ ಬಳಸದಿದ್ದರೆ ಮಾಸಬಹುದು, ಒಪ್ಪುತ್ತೇನೆ. ಆದರೆ ದಿನವೂ ಇಂಗ್ಲಿಷಿನಲ್ಲೇ ದುಡಿಯುವವರನ್ನೂ ಹುಟ್ಟಿನಿಂದ ಅದನ್ನೇ ಆಡಿದವರನ್ನೂ ಎರಡೆರಡು ವರ್ಷಕ್ಕೆ ಶುಲ್ಕ ಕಟ್ಟಿಸಿ ಕೂರಿಸುವುದಕ್ಕೆ ಯಾವ ಕಾರಣವೂ ನನಗೆ ಕಾಣುವುದಿಲ್ಲ. ಇನ್ನೊಂದು, ಆ 58 ಅಂಕದ ಕಂದಕ. ಅರ್ಧ ಬ್ಯಾಂಡ್ ಎನ್ನುವುದು ಅವತ್ತಿನ ಪ್ರಶ್ನೆ, ಅವತ್ತಿನ ನಿದ್ದೆ, ಒಬ್ಬ ಪರೀಕ್ಷಕರ ಕಣ್ಣು, ಇಷ್ಟರಲ್ಲೇ ಆಚೀಚೆ ಆಗುವ ವಸ್ತು. ಅಂಕ ಮೆಟ್ಟಿಲು ಮೆಟ್ಟಿಲಾಗಿ ಇಳಿಯಲಿ. ಒಂದು ಹೆಜ್ಜೆ ತಪ್ಪಿದರೆ ಬಾವಿಗೆ ಬೀಳುವಂತಿರಬಾರದು.

ತಯಾರಿ ಮಾಡುತ್ತಿರುವ ಕೇಳುಗರಿಗೆ ಒಂದು ಮಾತು. ಕನ್ಸಲ್ಟೆನ್ಸಿಯವರು ಬಾಯಿಪಾಠ ಮಾಡಿಸುವ ಪ್ರಬಂಧಗಳನ್ನು ನಂಬಬೇಡಿ, ಪರೀಕ್ಷಕರು ಅದನ್ನು ಮೊದಲ ಪ್ಯಾರಾದಲ್ಲೇ ಹಿಡಿಯುತ್ತಾರೆ. ಪ್ರಶ್ನೆಯನ್ನು ಪೆನ್ಸಿಲಿನಿಂದ ಗೆರೆ ಎಳೆದು ಒಡೆಯಿರಿ. ಎಷ್ಟು ಕೇಳಿದ್ದಾರೋ ಅಷ್ಟಕ್ಕೂ ಉತ್ತರ ಬರೆಯಿರಿ. ಉಚ್ಚಾರಣೆಯಲ್ಲಿ ಕನ್ನಡದ ಸೊಗಡು ಇದ್ದರೆ ಹೆದರಬೇಕಿಲ್ಲ, ಸ್ಪಷ್ಟವಾಗಿ ತಿಳಿದರೆ ಸಾಕು.

ಆ ಹುಡುಗಿ ನನ್ನ ಬಳಿ ಆರು ವಾರ ಬಂದಳು. ಇಂಗ್ಲಿಷ್ ಕಲಿಸಲು ನನಗೇನೂ ಇರಲಿಲ್ಲ. ಒಂದೇ ಅಭ್ಯಾಸ ಮಾಡಿಸಿದೆ, ಕೇಳಿದ್ದನ್ನು ಎಣಿಸುವುದು. ಹಿರಿಯೂರಿನ ಹುಡುಗ ಅವಳಿಗೆ ಪ್ಯಾರಾ ಕಟ್ಟುವುದನ್ನು ತೋರಿಸಿಕೊಟ್ಟ, ಅವಳು ಅವನ ಜೊತೆ ದಿನಾ ಅರ್ಧ ಗಂಟೆ ಮಾತಾಡಿದಳು. ಎರಡನೇ ಸಲ ರೈಟಿಂಗ್‌ನಲ್ಲಿ 7.5 ಬಂತು. ಹಾಳೆ ತೋರಿಸಲು ಬಂದವಳು ಅದನ್ನು ಬಿಟ್ಟು ಇನ್ನೊಂದು ಕಾಗದ ತೆಗೆದಳು. ಅವತ್ತು ನನ್ನ ಬಳಿ ನೆನಪಿನಿಂದ ಬರೆದುಕೊಟ್ಟಿದ್ದ ಆ ಸೂರಿನ ಪತ್ರ. ಕೊನೆಗೆ ಒಂದು ಸಾಲು ಸೇರಿಸಿ, ರಿಪೇರಿ ಮಾಡಿಸಿಕೊಡಿ ಎಂದು ಬರೆದು, ತನ್ನ ಮನೆಯ ಮಾಲೀಕರಿಗೆ ನಿಜವಾಗಿಯೂ ಕೊಟ್ಟಿದ್ದಳಂತೆ. ಮರುವಾರವೇ ಹೆಂಚು ಹೊದಿಸಲು ಆಳು ಬಂದಿದ್ದ.

ನಮಸ್ಕಾರ.