ಬಾಗಿಲು ತಟ್ಟುವವರು

ಕೇಳುಗರೆಲ್ಲರಿಗೂ ನಮಸ್ಕಾರ.

ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ಒಂದು ಗಾದೆ ಇದೆ. ಸಣ್ಣಪುಟ್ಟ ಮುನಿಸಿಗೆ ಆ ಮಾತು ಸರಿ. ಆದರೆ ಗೋಡೆಯಾಚೆ ಒಬ್ಬ ಹೆಂಗಸಿಗೆ ಏಟು ಬೀಳುತ್ತಿರುವ ಸದ್ದು ಕೇಳಿದಾಗಲೂ ಎಷ್ಟೋ ಜನ ಇದೇ ಗಾದೆ ಹೇಳಿಕೊಂಡು ಟಿವಿ ಸದ್ದು ಜಾಸ್ತಿ ಮಾಡುತ್ತಾರೆ. ಜಗಳ ಅಂದರೆ ಎರಡೂ ಕಡೆಯವರಿಗೆ ಬಾಯಿ ಇರಬೇಕು ಅಲ್ವಾ? ಒಬ್ಬರು ಹೊಡೆಯುತ್ತಾ, ಇನ್ನೊಬ್ಬರು ಹೆದರಿ ಮುದುಡಿ ಕೂತಿದ್ದರೆ ಅದಕ್ಕೆ ಜಗಳ ಅನ್ನಬಾರದು.

ಹೆಂಗಸರ ಮೇಲಿನ ಹಿಂಸೆ ಅಂದ ತಕ್ಷಣ ಕತ್ತಲೆ ರಸ್ತೆ, ಗುರುತಿಲ್ಲದ ಗಂಡಸು ಕಣ್ಣ ಮುಂದೆ ಬರುತ್ತಾನೆ. ಅದೂ ನಿಜವೇ. ಆದರೆ ವಿಶ್ವಸಂಸ್ಥೆಯ ಲೆಕ್ಕ ನೋಡಿ. 2023ರಲ್ಲಿ ಜಗತ್ತಿನಲ್ಲಿ ಸುಮಾರು 85,000 ಹೆಂಗಸರು ಮತ್ತು ಹೆಣ್ಣುಮಕ್ಕಳ ಕೊಲೆಯಾಯಿತು. ಅವರಲ್ಲಿ ಸುಮಾರು 51,000 ಮಂದಿಯನ್ನು ಕೊಂದವರು ಗಂಡ, ಸಂಗಾತಿ ಅಥವಾ ಮನೆಯವರೇ. ಅಂದರೆ ದಿನಕ್ಕೆ 140 ಜನ. ಕೊಲೆಯವರೆಗೆ ಹೋಗದ ಹಿಂಸೆ ಇನ್ನೆಷ್ಟೋ ಪಟ್ಟು. ಸುಮಾರು ಮೂವರಲ್ಲಿ ಒಬ್ಬ ಹೆಂಗಸು ಬದುಕಿನಲ್ಲಿ ಒಮ್ಮೆಯಾದರೂ ಹೊಡೆತಕ್ಕೋ ಲೈಂಗಿಕ ಹಿಂಸೆಗೋ ಸಿಕ್ಕಿರುತ್ತಾಳೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ.

ಇದಕ್ಕೆ ಕಾನೂನು ಬೇಕು, ಪೊಲೀಸರು ಬೇಕು, ಕೋರ್ಟು ಬೇಕು. ಆದರೆ ಇವರೆಲ್ಲ ಸಾಮಾನ್ಯವಾಗಿ ಬರುವುದು ಏಟು ಬಿದ್ದ ಮೇಲೆ. ಅದಕ್ಕೂ ಮುಂಚೆ ಅಲ್ಲಿರುವವರು ಅಕ್ಕಪಕ್ಕದವರು, ನೆಂಟರು, ಶಾಲೆಯ ಟೀಚರು, ಆಸ್ಪತ್ರೆಯ ನರ್ಸು. ಇವರು ಕೈ ಹಾಕಿದ ಕಡೆ ಹಿಂಸೆ ಕಡಿಮೆಯಾಗಿದೆ. ಇದು ಬರೀ ಆಸೆಯ ಮಾತಲ್ಲ, ಅಳೆದು ನೋಡಿದ ಉದಾಹರಣೆಗಳಿವೆ.

ಉಗಾಂಡದ ರಾಜಧಾನಿ ಕಂಪಾಲದಲ್ಲಿ ರೈಸಿಂಗ್ ವಾಯ್ಸಸ್ ಎಂಬ ಸಂಸ್ಥೆ ‘ಸಾಸಾ’ ಎಂಬ ಕಾರ್ಯಕ್ರಮ ರೂಪಿಸಿತು. ಅಲ್ಲಿ ಕೆಲಸ ಮಾಡಿದವರು ಹೊರಗಿನಿಂದ ಬಂದ ಪಂಡಿತರಲ್ಲ. ಅದೇ ಬಡಾವಣೆಗಳಲ್ಲಿ ಬದುಕುವ 400ಕ್ಕೂ ಹೆಚ್ಚು ಸಾಮಾನ್ಯ ಗಂಡಸರು, ಹೆಂಗಸರು. ಅವರು ವೇದಿಕೆ ಹತ್ತಿ ಭಾಷಣ ಮಾಡಲಿಲ್ಲ. ನಾಲ್ಕು ಜನ ಸೇರುವ ಜಾಗದಲ್ಲಿ ಒಂದು ಚಿತ್ರ ಹಿಡಿದು ಮಾತು ಶುರು ಮಾಡುತ್ತಿದ್ದರು. ಮೊದಲಿಗೇ ‘ಹೆಂಡತಿಗೆ ಹೊಡೆಯಬೇಡಿ’ ಅಂದರೆ ಗಂಡಸರು ಎದ್ದು ಹೋಗುತ್ತಾರೆ ಅಥವಾ ವಾದಕ್ಕೆ ನಿಲ್ಲುತ್ತಾರೆ. ಅದಕ್ಕೇ ಅವರು ಮಾತನ್ನು ಅಧಿಕಾರದಿಂದ ಶುರು ಮಾಡಿದರು. ನಿನ್ನ ಮೇಲೆ ಯಾರಾದರೂ ದರ್ಪ ತೋರಿಸಿದಾಗ ನಿನಗೆ ಹೇಗನಿಸಿತು? ನಿನ್ನ ಕೈಯಲ್ಲಿ ಯಾರ ಮೇಲೆ ಅಧಿಕಾರ ಇದೆ? ಅದನ್ನು ಹೇಗೆ ಬಳಸುತ್ತೀಯ? ದರ್ಪದ ರುಚಿ ಕಾಣದ ಮನುಷ್ಯ ಯಾರೂ ಇಲ್ಲ. ಹಾಗಾಗಿ ಈ ಪ್ರಶ್ನೆಗೆ ಎಲ್ಲರ ಹತ್ತಿರವೂ ಉತ್ತರ ಇರುತ್ತದೆ. ಅಲ್ಲಿಂದ ಮೆಲ್ಲಗೆ ಮಾತು ಮನೆಯೊಳಗೆ ಬರುತ್ತದೆ.

ಎಂಟು ಬಡಾವಣೆಗಳನ್ನು ಆರಿಸಿ, ನಾಲ್ಕರಲ್ಲಿ ಈ ಕೆಲಸ ಮಾಡಿ, ಉಳಿದ ನಾಲ್ಕರ ಜೊತೆ ಹೋಲಿಸಿದರು. 2014ರಲ್ಲಿ ಫಲಿತಾಂಶ ಪ್ರಕಟವಾಯಿತು. ಕೆಲಸ ನಡೆದ ಕಡೆ, ಹಿಂದಿನ ಒಂದು ವರ್ಷದಲ್ಲಿ ಸಂಗಾತಿಯಿಂದ ಏಟು ತಿಂದ ಹೆಂಗಸರ ಪ್ರಮಾಣ ಶೇ 52ರಷ್ಟು ಕಡಿಮೆ ಇತ್ತು. ಎಂಟೇ ಬಡಾವಣೆಗಳ ಅಧ್ಯಯನವಾದ್ದರಿಂದ ಈ ಅಂಕಿಯನ್ನೇ ಕಡೆಯ ಮಾತು ಅನ್ನಬೇಕಾಗಿಲ್ಲ. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಅವರು ತೆಗೆದುಕೊಂಡ ಸಮಯ. ಹೆಚ್ಚೂಕಡಿಮೆ ಮೂರು ವರ್ಷ ಅದೇ ಜನ, ಅದೇ ಬೀದಿಗಳಲ್ಲಿ, ಬಿಡದೆ ಮಾತಾಡಿದರು. ಒಂದು ದಿನ ಜಾಥಾ ಮಾಡಿ, ಫೋಟೊ ತೆಗೆಸಿಕೊಂಡು ಮನೆಗೆ ಹೋದರೆ ಇಂಥ ಬದಲಾವಣೆ ಬರುವುದಿಲ್ಲ.

ಹೆಂಗಸಿನ ಕೈಗೆ ನಾಲ್ಕು ಕಾಸು ಬಂದರೆ ಹಿಂಸೆ ತಾನಾಗಿ ನಿಲ್ಲುತ್ತದೆ ಅನ್ನುವವರಿದ್ದಾರೆ. ದಕ್ಷಿಣ ಆಫ್ರಿಕಾದ ಲಿಂಪೊಪೊ ಪ್ರಾಂತ್ಯದಲ್ಲಿ ಇದನ್ನೂ ಪರೀಕ್ಷಿಸಿದ್ದಾರೆ. ಬಡ ಹೆಂಗಸರ ಗುಂಪುಗಳಿಗೆ ಸಣ್ಣ ಸಾಲ ಕೊಟ್ಟರು. ಸಾಲದ ಸಭೆಗೆ ಬಂದಾಗಲೇ ಮನೆಯ ಹಿಂಸೆ, ಆರೋಗ್ಯ, ಹೆಣ್ಣು ಗಂಡಿನ ಸಂಬಂಧದ ಬಗ್ಗೆ ಮಾತುಕತೆಯನ್ನೂ ಇಟ್ಟರು. ಎರಡು ವರ್ಷದಲ್ಲಿ ಆ ಹೆಂಗಸರು ಅನುಭವಿಸುತ್ತಿದ್ದ ಹಿಂಸೆ ಅರ್ಧಕ್ಕಿಂತ ಕೆಳಗೆ ಇಳಿಯಿತು. ಬರೀ ಸಾಲ ಪಡೆದವರನ್ನೂ ಆಮೇಲೆ ಹೋಲಿಸಿ ನೋಡಿದರು. ಅವರ ಕೈಯಲ್ಲಿ ದುಡ್ಡು ಓಡಾಡಿತು, ಆದರೆ ಹಿಂಸೆಯಲ್ಲಿ ಆ ಥರದ ಬದಲಾವಣೆ ಕಾಣಲಿಲ್ಲ. ದುಡ್ಡಿನ ಜೊತೆಗೆ ಮಾತೂ ಬೇಕಾಯಿತು, ಬೆನ್ನಿಗೆ ನಿಲ್ಲುವ ಗೆಳತಿಯರೂ ಬೇಕಾದರು.

ಇನ್ನು ಹುಡುಗರು. ಅಮೆರಿಕದ ಸ್ಯಾಕ್ರಮೆಂಟೊದ ಹೈಸ್ಕೂಲುಗಳಲ್ಲಿ ಆಟ ಕಲಿಸುವ ಕೋಚ್‌ಗಳಿಗೆ ಒಂದು ಕೆಲಸ ಕೊಟ್ಟರು. ವಾರಕ್ಕೊಮ್ಮೆ, ಹತ್ತು ಹದಿನೈದು ನಿಮಿಷ, ಹುಡುಗಿಯರನ್ನು ಗೌರವದಿಂದ ಕಾಣುವ ಬಗ್ಗೆ ತಂಡದ ಜೊತೆ ಮಾತಾಡಬೇಕು. ಅಷ್ಟೇ. ಒಂದು ವರ್ಷದ ನಂತರ ನೋಡಿದರೆ, ಆ ತಂಡಗಳ ಹುಡುಗರು ಗೆಳತಿಯರನ್ನು ಹಿಂಸಿಸುವುದು ಬೇರೆ ತಂಡಗಳವರಿಗಿಂತ ಕಡಿಮೆ ಇತ್ತು. ಮುಂಬೈಯಲ್ಲಿ ಕ್ರಿಕೆಟ್ ಕೋಚ್‌ಗಳ ಜೊತೆಗೂ ಇದೇ ಮಾದರಿಯ ಕೆಲಸ ನಡೆದಿದೆ. ಅಪ್ಪ ಹೇಳಿದ್ದನ್ನು ಕೇಳದ ಹುಡುಗನೂ ಕೋಚ್ ಮಾತು ಕೇಳುತ್ತಾನೆ.

ಈಗ ಮತ್ತೆ ಆ ಗೋಡೆಯಾಚೆಯ ಸದ್ದಿಗೆ ಬರೋಣ. ಕೇಳಿದವರು ಏನು ಮಾಡಬೇಕು? 2008ರಲ್ಲಿ ಬ್ರೇಕ್‌ಥ್ರೂ ಸಂಸ್ಥೆ ಭಾರತದಲ್ಲಿ ‘ಬೆಲ್ ಬಜಾವೊ’ ಅಂತ ಒಂದು ಅಭಿಯಾನ ಮಾಡಿತು. ಅದರ ಜಾಹೀರಾತುಗಳಲ್ಲಿ ಒಬ್ಬ ಗಂಡಸು ಪಕ್ಕದ ಮನೆಯ ಬೆಲ್ ಒತ್ತಿ ಸ್ವಲ್ಪ ಹಾಲು ಕೇಳುತ್ತಾನೆ. ಇನ್ನೊಬ್ಬ, ಒಂದು ಫೋನ್ ಮಾಡಿಕೊಳ್ಳಲಾ ಅನ್ನುತ್ತಾನೆ. ಅಷ್ಟರಲ್ಲಿ ಅವನ ಮೊಬೈಲೇ ರಿಂಗ್ ಆಗುತ್ತದೆ. ಹೊಡೆಯುತ್ತಿದ್ದವನಿಗೆ ಗೊತ್ತಾಗುತ್ತದೆ, ಇವನು ಬಂದದ್ದು ಫೋನಿಗಲ್ಲ, ಹೊರಗೆ ಎಲ್ಲ ಕೇಳಿಸುತ್ತಿದೆ ಅಂತ. ಆ ಕ್ಷಣಕ್ಕೆ ಎತ್ತಿದ ಕೈ ಇಳಿಯಲು ಎಷ್ಟೋ ಸಲ ಅಷ್ಟು ಸಾಕು. ಹಾಗಂತ ಒಳಗೆ ಕತ್ತಿಯೋ ಬೇರೆ ಆಯುಧವೋ ಇದೆ ಅನಿಸಿದರೆ ಒಬ್ಬರೇ ನುಗ್ಗಬೇಡಿ. ಇನ್ನಿಬ್ಬರನ್ನು ಕರೆಯಿರಿ, ಪೊಲೀಸರಿಗೆ ಫೋನ್ ಮಾಡಿ. ಇನ್ನೊಂದು ಮಾತು, ‘ನಿನ್ನ ಹೆಂಡತಿ ನಮಗೆ ಎಲ್ಲ ಹೇಳಿದ್ದಾಳೆ’ ಅಂತ ಅವನಿಗೆ ಯಾವತ್ತೂ ಹೇಳಬೇಡಿ. ಬಾಗಿಲು ಹಾಕಿಕೊಂಡ ಮೇಲೆ ಆ ಮಾತಿನ ಲೆಕ್ಕ ಚುಕ್ತಾ ಆಗುವುದು ಅವಳ ಮೈಮೇಲೆ.

ಕೆಲವು ಗುರುತುಗಳನ್ನಂತೂ ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ಅಮೆರಿಕದ ನರ್ಸಿಂಗ್ ಸಂಶೋಧಕಿ ಜಾಕ್ವೆಲಿನ್ ಕ್ಯಾಂಪ್‌ಬೆಲ್ 1980ರ ದಶಕದಲ್ಲೇ ಅಪಾಯ ಅಳೆಯುವ ಒಂದು ಪ್ರಶ್ನಾವಳಿ ಮಾಡಿದರು. ಹೊಡೆತ ಇತ್ತೀಚೆಗೆ ಜಾಸ್ತಿ ಆಗಿದೆಯಾ? ಕೊಲ್ಲುತ್ತೇನೆ ಅಂದಿದ್ದಾನಾ? ಅವಳ ಓಡಾಟವನ್ನೆಲ್ಲ ಕಾಯುತ್ತಾನಾ? ಕುತ್ತಿಗೆ ಹಿಸುಕಿದ್ದಾನಾ? ಈ ಕೊನೆಯ ಪ್ರಶ್ನೆಯನ್ನು ಗಮನವಿಟ್ಟು ಕೇಳಿ. ಸಂಗಾತಿ ಒಮ್ಮೆ ಕುತ್ತಿಗೆ ಹಿಸುಕಿದ್ದರೆ, ಮುಂದೆ ಅವನ ಕೈಯಲ್ಲೇ ಅವಳು ಸಾಯುವ ಸಾಧ್ಯತೆ ಸುಮಾರು ಏಳು ಪಟ್ಟು ಹೆಚ್ಚು ಎಂದು ಸಂಶೋಧನೆ ಹೇಳುತ್ತದೆ. ಎಷ್ಟೋ ಸಲ ಮೇಲೆ ಗಾಯದ ಗುರುತೇ ಇರುವುದಿಲ್ಲ. ಅದಕ್ಕೇ ‘ಏನೂ ಆಗಿಲ್ಲವಲ್ಲ’ ಅಂದುಬಿಡುತ್ತಾರೆ.

ಅಮೆರಿಕದ ಮ್ಯಾಸಚುಸೆಟ್ಸ್ ರಾಜ್ಯದ ನ್ಯೂಬರಿಪೋರ್ಟ್ ಭಾಗದಲ್ಲಿ 2002ರಲ್ಲಿ ಒಬ್ಬ ತಾಯಿಯನ್ನು ಗಂಡನೇ ಕೊಂದ. ಅವಳು ಆಶ್ರಯಧಾಮಕ್ಕೆ ಹೋಗಿದ್ದಳು. ಕೋರ್ಟಿನಿಂದ ರಕ್ಷಣೆಯ ಆದೇಶ ಪಡೆದಿದ್ದಳು. ಪೊಲೀಸರಿಗೂ ವಿಷಯ ಗೊತ್ತಿತ್ತು. ಪ್ರತಿಯೊಬ್ಬರಿಗೂ ಒಂದೊಂದು ತುಣುಕು ಗೊತ್ತಿತ್ತು, ಪೂರ್ತಿ ಯಾರಿಗೂ ಗೊತ್ತಿರಲಿಲ್ಲ. ಆಮೇಲೆ 2005ರಲ್ಲಿ ಪೊಲೀಸರು, ಸರ್ಕಾರಿ ವಕೀಲರು, ಆಸ್ಪತ್ರೆಯವರು, ಆಶ್ರಯಧಾಮದವರು ಒಂದೇ ಮೇಜಿಗೆ ಕೂತರು. ಯಾವ ಮನೆಯಲ್ಲಿ ಜೀವಕ್ಕೇ ಅಪಾಯ ಇದೆ ಎಂದು ಆ ಪ್ರಶ್ನಾವಳಿ ಹಿಡಿದು ಒಟ್ಟಿಗೆ ನೋಡತೊಡಗಿದರು. ಅವರವರ ಕಡತವನ್ನು ಒಟ್ಟಿಗೆ ಬಿಚ್ಚುವ ಮನಸ್ಸಿದ್ದರೆ ಸಣ್ಣ ಊರಿನಲ್ಲೂ ಇದು ಆಗುತ್ತದೆ.

‘ಅಷ್ಟು ಕಷ್ಟ ಇದ್ದರೆ ಬಿಟ್ಟು ಬರಬಾರದಾ?’ ಅನ್ನುವ ಪ್ರಶ್ನೆಯನ್ನು ದಯವಿಟ್ಟು ಕೇಳಬೇಡಿ. ಹೆಚ್ಚು ಅಪಾಯ ಇರುವುದೇ ಬಿಟ್ಟು ಹೊರಡುವ ಹೊತ್ತಿನಲ್ಲಿ ಮತ್ತು ಅದರ ಹಿಂದೆ ಮುಂದೆ. ಅದು ಅವಳಿಗೆ ಚೆನ್ನಾಗಿ ಗೊತ್ತು. ಬದಲಿಗೆ, ‘ನಿನ್ನ ತಪ್ಪಿಲ್ಲ, ನಾನು ಏನು ಮಾಡಲಿ ಹೇಳು’ ಅನ್ನಿ. ಅವಳ ಗುರುತಿನ ಕಾಗದಗಳ ನಕಲು ನಿಮ್ಮ ಮನೆಯಲ್ಲಿ ಇಟ್ಟುಕೊಳ್ಳಿ. ರಾತ್ರಿ ಬಾಗಿಲು ತಟ್ಟಿದರೆ ತೆಗೆಯುತ್ತೇನೆ ಅಂತ ಹೇಳಿ. ಅವಳು ವಾಪಸ್ ಅದೇ ಮನೆಗೆ ಹೋದರೂ ಬೇಜಾರಾಗಿ ಮಾತು ಬಿಡಬೇಡಿ. ಅವಳು ಒಂಟಿಯಾಗಬೇಕು ಅನ್ನುವುದೇ ಹೊಡೆಯುವವನ ಆಸೆ.

ಮಕ್ಕಳ ವಿಷಯ ಹೇಳಿ ಮುಗಿಸುತ್ತೇನೆ. ಒಂದು ಹೆಣ್ಣುಮಗು ಬಂದು ‘ಅವರು ನನಗೆ ಹೀಗೆ ಮಾಡಿದರು’ ಅಂದರೆ ಮೊದಲು ನಂಬಿ. ಹೀಗೆ ಮಾಡುವವರು ಹೆಚ್ಚಾಗಿ ಮಗುವಿಗೆ ಪರಿಚಯ ಇರುವವರೇ, ನಿಮಗೂ ಪರಿಚಯ ಇರಬಹುದು, ‘ಅವರು ಅಂಥವರಲ್ಲ’ ಎಂಬ ಮಾತು ಬಾಯಿಗೆ ಬರುತ್ತದೆ. ಅದನ್ನು ಆಡಬೇಡಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಯಾರಿಗೂ ಹೇಳಲ್ಲ ಅಂತ ಮಾತು ಕೊಡಬೇಡಿ, ಯಾಕೆಂದರೆ ಮಗುವನ್ನು ಕಾಪಾಡಬೇಕಾದರೆ ನೀವು ಹೇಳಲೇಬೇಕಾಗುತ್ತದೆ. ‘ನೀನು ಹೇಳಿದ್ದು ಒಳ್ಳೇದಾಯ್ತು, ಯಾರು ಸಹಾಯ ಮಾಡ್ತಾರೋ ಅವರಿಗೆ ಇಬ್ಬರೂ ಸೇರಿ ಹೇಳೋಣ’ ಅನ್ನಿ. ಅದೇ ದಿನ ಮಕ್ಕಳ ಸಹಾಯವಾಣಿಗೋ ಪೊಲೀಸರಿಗೋ ತಿಳಿಸಿ. ಆ ಮಗು ಮತ್ತೆ ಆ ಮನುಷ್ಯನ ಜೊತೆ ಒಂಟಿಯಾಗಿ ಇರದಂತೆ ಅವತ್ತೇ ನೋಡಿಕೊಳ್ಳಿ.

ನಮಸ್ಕಾರ.