ಮೊಣಕಾಲು ಮಟ್ಟ ನೋಡಿ

ಎಲ್ಲರಿಗೂ ನಮಸ್ಕಾರ. ನನಗಿಂತ ಮೊದಲು ಮಾತಾಡಿದವರು ಜಿಂಕೆಯ ಕಣ್ಣು ಎಷ್ಟು ಚೆಂದ ಅಂತ ಹೇಳಿ ನನ್ನನ್ನು ಪೇಚಿಗೆ ಸಿಕ್ಕಿಸಿದ್ದಾರೆ. ನಾನು ಬಂದಿರುವುದು ಜಿಂಕೆಯ ಬಾಯಿಯ ಬಗ್ಗೆ ಮಾತಾಡಲು.

ಕಾಡು ಚೆನ್ನಾಗಿದೆಯಾ ಅಂತ ನೋಡಲು ಎಲ್ಲರೂ ತಲೆ ಎತ್ತುತ್ತಾರೆ. ತಲೆ ತಗ್ಗಿಸಿ, ಮೊಣಕಾಲು ಮಟ್ಟ ನೋಡಿ. ಜಿಂಕೆಗೆ ಮೇಲ್ದವಡೆಯಲ್ಲಿ ಬಾಚಿಹಲ್ಲು ಇಲ್ಲ. ಅದು ಚಿಗುರನ್ನು ಕಚ್ಚಿ, ಎಳೆದು, ಹರಿಯುತ್ತದೆ. ಹಾಗಾಗಿ ತಿಂದ ಕಡ್ಡಿಯ ತುದಿ ಸಿಬಿರು ಸಿಬಿರಾಗಿರುತ್ತದೆ. ಮೊಲ ತಿಂದರೆ ಚಾಕುವಿನಲ್ಲಿ ಓರೆಯಾಗಿ ಕೊಯ್ದ ಹಾಗೆ. ತುದಿ ಹೋದ ಸಸಿ ಪಕ್ಕಕ್ಕೆ ಚಿಗುರುತ್ತದೆ, ಅದೂ ಹೋಗುತ್ತದೆ. ಸಾಯುವುದಿಲ್ಲ, ಬೆಳೆಯುವುದೂ ಇಲ್ಲ. ಕುಳ್ಳ ಪೊದೆಯಾಗಿ ಕೂತುಬಿಡುತ್ತದೆ.

ನನ್ನ ಬೇಲಿ ಕಥೆ ಕೇಳಿದವರು ಇಲ್ಲಿದ್ದೀರಿ. ಕ್ಷಮಿಸಿ, ಇನ್ನೊಮ್ಮೆ ಕೇಳಬೇಕು. ಒಂದು ಕಾಡಿನಲ್ಲಿ ಹತ್ತು ಹೆಜ್ಜೆ ಉದ್ದ, ಹತ್ತು ಹೆಜ್ಜೆ ಅಗಲಕ್ಕೆ ಬೇಲಿ ಹಾಕಿದೆವು. ಒಳಗೆ ಏನೂ ನೆಡಲಿಲ್ಲ, ನೀರು ಹಾಕಲಿಲ್ಲ. ಸುಮ್ನೆ ಬಿಟ್ಟೆವು. ಮೂರನೇ ಮಳೆಗಾಲಕ್ಕೆ ಒಬ್ಬ ಹಿರಿಯರು ನೋಡಲು ಬಂದರು. ಬೇಲಿ ಸುತ್ತ ಒಂದು ಸುತ್ತು ಹಾಕಿ, "ಸಸಿ ಎಲ್ಲಿಂದ ತಂದಿರಿ?" ಅಂದರು. ತಂದಿಲ್ಲ ಸಾರ್ ಅಂದೆ. ನಂಬಲಿಲ್ಲ. "ರಸೀದಿ ತೋರಿಸಿ" ಅಂದರು! ಬೀಜ ಮೊದಲಿಂದಲೂ ಅಲ್ಲೇ ಬೀಳುತ್ತಿತ್ತು, ಮೊಳೆಯುತ್ತಿತ್ತು. ಬೇಲಿಯ ಹೊರಗಿನದು ಜಿಂಕೆಯ ಹೊಟ್ಟೆಗೆ ಹೋಗುತ್ತಿತ್ತು, ಅಷ್ಟೇ. ನಾವು ಒಳಗೆ ಅಳತೆ ತೆಗೆಯುವಾಗ ಎರಡು ಜಿಂಕೆ ಹೊರಗೆ ನಿಂತು ನೋಡುತ್ತಿದ್ದವು. ಜೈಲಿನಲ್ಲಿ ಇದ್ದವರು ನಾವೇ ಅನ್ನಿಸಿತು.

ಇನ್ನೊಂದು ವಿಷಯ. ಜಿಂಕೆ ಆರಿಸಿ ತಿನ್ನುತ್ತದೆ. ರುಚಿಯಾದದ್ದು ಮೊದಲು, ಕಹಿ ಮತ್ತು ಮುಳ್ಳು ಕೊನೆಗೆ. ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಜಾಸ್ತಿಯಾದ ಕಡೆ ಮರದಡಿ ಜರೀಗಿಡವೇ ಹಾಸಿಕೊಂಡಿದೆ. ದೂರದಿಂದ ಹಚ್ಚಹಸಿರು. ಆದರೆ ಆ ನೆರಳಲ್ಲಿ ಮರದ ಸಸಿ ಏಳುವುದು ಕಷ್ಟ. ಹಸಿರು ನೋಡಿ ಮೋಸ ಹೋಗಬೇಡಿ, ಮೊಣಕಾಲು ಮಟ್ಟ ನೋಡಿ. ಕೆನಡಾದ ಹೈಡಾ ಗ್ವಾಯ್ ದ್ವೀಪಗಳಿಗೆ 19ನೇ ಶತಮಾನದ ಕೊನೆಯಲ್ಲಿ ಜಿಂಕೆ ತಂದು ಬಿಟ್ಟರು. ಅಲ್ಲಿ ತೋಳ ಇಲ್ಲ. ಮುದಿ ಸೀಡರ್ ಮರಗಳಿವೆ, ಮರಿ ಸೀಡರ್ ಹುಡುಕಬೇಕು. ಪೊದೆ ಹೋದ ಕಡೆ ಹಾಡುಹಕ್ಕಿಗಳೂ ಕಡಿಮೆಯಾದವು. ಅಂಡಮಾನಿಗೆ ಬ್ರಿಟಿಷರು ಚುಕ್ಕೆ ಜಿಂಕೆ ತಂದರು. ಅಲ್ಲೂ ಹುಲಿ ಇಲ್ಲ, ಚಿರತೆ ಇಲ್ಲ. ಮುಂದಿನದು ನಿಮಗೇ ಗೊತ್ತಾಗುತ್ತದೆ ಅಲ್ವಾ?

ಚೀಟಿ ಬಂತು. ಎರಡು ನಿಮಿಷ ಅಂತೆ. ಕೊಂಬು ಉಜ್ಜಿ ತೊಗಟೆ ಸುಲಿಯುವ ವಿಷಯ ಬಿಡುತ್ತೇನೆ. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ 1995ರಲ್ಲಿ ತೋಳ ತಂದರು, ಕೆಲವು ಕಡೆ ಆಸ್ಪೆನ್ ಮರ ಮೇಲೆದ್ದಿತು. ಅದರಲ್ಲಿ ತೋಳದ ಪಾಲು ಎಷ್ಟು ಅಂತ ವಿಜ್ಞಾನಿಗಳು ಇನ್ನೂ ಜಗಳವಾಡುತ್ತಿದ್ದಾರೆ.

ಬಾಗಿಲಲ್ಲಿ ಒಬ್ಬರು ಕೇಳಿದರು, ಹಾಗಾದರೆ ಜಿಂಕೆ ಬೇಡವಾ ಅಂತ. ಬೇಕು ಸ್ವಾಮಿ! ಚುಕ್ಕೆ ಜಿಂಕೆ ನೆಲ್ಲಿಕಾಯಿ ನುಂಗಿ, ಆಮೇಲೆ ಎಲ್ಲೋ ಕೂತು ಮೆಲುಕು ಹಾಕುವಾಗ ಬೀಜ ಉಗುಳುತ್ತದೆ. ಅಲ್ಲೊಂದು ನೆಲ್ಲಿ ಸಸಿ ಏಳುತ್ತದೆ. ಆ ಸಸಿಯನ್ನು ಆಮೇಲೆ ಯಾರು ತಿನ್ನುತ್ತಾರೆ ಅಂದರೆ... ಸರಿ ಸರಿ, ಮೈಕ್ ತಗೊಳ್ಳಿ.